ಓದುಗರ ಪ್ರಶ್ನೆ: ಆಜ್ಞೆ, ಸಿಟ್ಟು ಮತ್ತು ಬಿರುಕು ಬಿಟ್ಟ ಹೆಂಚು

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಬರೆದವರು ಬೇರೆ ಬೇರೆ ಊರಿನವರು. ಆದರೆ ಓದುತ್ತಾ ಹೋದ ಹಾಗೆ ಎಲ್ಲದರ ಹಿಂದೆಯೂ ಒಂದೇ ಭಯ ಕಂಡಿತು: ದೇವರು ನನ್ನ ಮೇಲೆ ಸಿಟ್ಟಾಗಿದ್ದಾನಾ? ಮೂವತ್ತನಾಲ್ಕು ವರ್ಷ ಸಭಾಪಾಲಕನಾಗಿದ್ದಾಗ ಮನೆಭೇಟಿಯಲ್ಲಿ ನಾನು ಜಾಸ್ತಿ ಕೇಳಿದ ಪ್ರಶ್ನೆಯೂ ಇದೇ. ಬಾಗಿಲ ತನಕ ಕಳಿಸಲು ಬಂದವರು, ನಾನು ಚಪ್ಪಲಿ ಹಾಕಿಕೊಳ್ಳುವಾಗ ಮೆಲ್ಲ ಕೇಳುತ್ತಿದ್ದರು.

ಪ್ರಶ್ನೆ: ಅಯ್ಯನವರೇ, ನಾನು ಮಲ್ಪೆಯಲ್ಲಿ ಸಿಗಡಿ ಸುಲಿಯುವ ಕೆಲಸಕ್ಕೆ ಹೋಗುವವಳು. ಹತ್ತು ವರ್ಷ ಆಯ್ತು. ಮೊನ್ನೆ ನಮ್ಮ ಮನೆ ಹತ್ತಿರದ ಒಂದು ಪ್ರಾರ್ಥನಾ ಕೂಟಕ್ಕೆ ಹೋಗಿದ್ದೆ. ಅಲ್ಲಿ ಒಬ್ಬರು ಬೈಬಲಿನ ಯಾಜಕಕಾಂಡದ 11ನೇ ಅಧ್ಯಾಯ ಓದಿದರು. ರೆಕ್ಕೆಯೂ ಪೊರೆಯೂ ಇಲ್ಲದ್ದನ್ನು ತಿನ್ನುವುದು ಪಾಪ, ಮುಟ್ಟುವುದೂ ಪಾಪ ಅಂದರು. ಸಿಗಡಿಗೆ ಪೊರೆ ಇಲ್ಲವಲ್ಲ. ನನ್ನ ಕೈ ಅಶುದ್ಧವಾ?
— ಒಬ್ಬ ತಂಗಿ, ಮಲ್ಪೆ

ಉತ್ತರ: ಇಲ್ಲ ತಂಗಿ, ನಿಮ್ಮ ಕೈ ಅಶುದ್ಧ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾಳೆ ಬೆಳಿಗ್ಗೆ ನೀವು ಕೆಲಸಕ್ಕೆ ಹೋಗಬೇಕಲ್ಲ.

ಆ ಅಧ್ಯಾಯದಲ್ಲಿ ಹಾಗೆ ಬರೆದಿರುವುದು ನಿಜ. ಸಿಗಡಿ, ಏಡಿ, ಮರುವಾಯಿ, ಬೊಂಡಾಸ್ ಎಲ್ಲವೂ ಬೇಡದ ಪಟ್ಟಿಗೆ ಸೇರುತ್ತವೆ. ಬಂಗುಡೆ, ಬೂತಾಯಿಗೆ ಅಡ್ಡಿಯಿಲ್ಲ. ಮೋಶೆಯ ಧರ್ಮಶಾಸ್ತ್ರದಲ್ಲಿ ಒಟ್ಟು 613 ಆಜ್ಞೆಗಳಿವೆ ಎಂದು ಯೆಹೂದ್ಯ ಗುರುಗಳ ಲೆಕ್ಕ. ಅವುಗಳಲ್ಲಿ ಕೆಲವು ಬಲಿಗೆ ಸಂಬಂಧಪಟ್ಟವು, ಕೆಲವು ಊಟ, ಬಟ್ಟೆ, ಹೊಲಕ್ಕೆ ಸಂಬಂಧಪಟ್ಟವು. ಇಸ್ರಾಯೇಲ್ಯರನ್ನು ಸುತ್ತಲಿನ ಜನಗಳ ನಡುವೆ ಬೇರೆಯಾಗಿ ಕಾಪಾಡುವುದಕ್ಕೆ ಕೊಟ್ಟವು ಅವು. ಹೊರಗಿನಿಂದ ಹೊಟ್ಟೆಗೆ ಹೋಗುವುದು ಮನುಷ್ಯನನ್ನು ಅಶುದ್ಧ ಮಾಡುವುದಿಲ್ಲ, ಒಳಗಿನಿಂದ ಹೊರಗೆ ಬರುವುದೇ ಅಶುದ್ಧ ಮಾಡುತ್ತದೆ ಎಂದು ಯೇಸು ಹೇಳಿದ್ದು ಮಾರ್ಕ 7ರಲ್ಲಿದೆ.

ಇನ್ನೊಂದು ಕಡೆ ಓದಿ. ಅಪೊಸ್ತಲರ ಕೃತ್ಯಗಳು 10. ಯೇಸುವಿನ ಶಿಷ್ಯ ಪೇತ್ರನಿಗೆ ಮಧ್ಯಾಹ್ನ ಹಸಿವಾಗಿದೆ, ಅಡುಗೆ ಆಗುತ್ತಾ ಇದೆ. ಅವನು ಮಾಳಿಗೆ ಹತ್ತಿ ಪ್ರಾರ್ಥನೆ ಮಾಡುತ್ತಿದ್ದಾನೆ. ಆಕಾಶದಿಂದ ಒಂದು ದೊಡ್ಡ ಬಟ್ಟೆ ಇಳಿಯುತ್ತದೆ. ಅದರ ತುಂಬ ಅವನು ಹುಟ್ಟಿದಂದಿನಿಂದ ಮುಟ್ಟದ ಪ್ರಾಣಿಗಳು. ತಿನ್ನು ಎನ್ನುತ್ತದೆ ಒಂದು ಧ್ವನಿ. ದೇವರು ಶುದ್ಧ ಮಾಡಿದ್ದನ್ನು ನೀನು ಅಶುದ್ಧ ಅನ್ನಬೇಡ ಎಂದು ಮೂರು ಸಲ ಹೇಳಿಸಿಕೊಂಡ ಪೇತ್ರ.

ಇದೆಲ್ಲ ಆದದ್ದು ಯಾರ ಮನೆಯಲ್ಲಿ ಗೊತ್ತಾ? ಸಮುದ್ರದ ಬದಿಯಲ್ಲಿದ್ದ ಚರ್ಮ ಹದ ಮಾಡುವ ಸೀಮೋನನ ಮನೆಯಲ್ಲಿ. ಸತ್ತ ಪ್ರಾಣಿಯ ಚರ್ಮ ಮುಟ್ಟುವ ಕೆಲಸ ಅದು. ಕೈಗೆ ಹಿಡಿದ ವಾಸನೆ ಹೋಗುವುದಿಲ್ಲ. ಅಂಥ ಕೆಲಸವನ್ನು ಅಂದಿನ ಜನ ಕೀಳಾಗಿ ಕಂಡರು. ದೇವರು ಆ ಮನೆಯನ್ನೇ ಆರಿಸಿಕೊಂಡ. ನಿಮ್ಮ ಪತ್ರದ ಮೂಲೆಯಲ್ಲಿ ಒಂದು ಕಲೆ ಇತ್ತು. ಮೂಗಿನ ಹತ್ತಿರ ಹಿಡಿದೆ. ಆ ವಾಸನೆ ನನಗೆ ಗೊತ್ತಿರುವಂಥದ್ದು. ಆ ಕೈಯ ದುಡಿಮೆಯಲ್ಲಿ ಎಷ್ಟು ಮಕ್ಕಳ ಶಾಲೆ ಫೀಸು ಕಟ್ಟಿದ್ದೀರೋ.

ಹಾಗಾದರೆ ಧರ್ಮಶಾಸ್ತ್ರ ಬೇಡವೇ ಅಂತ ಕೇಳಬಹುದು. ಬೇಕು. ಕೊಲ್ಲಬೇಡ, ಕದಿಯಬೇಡ, ಸುಳ್ಳುಸಾಕ್ಷಿ ಹೇಳಬೇಡ, ದೇವರನ್ನೂ ನೆರೆಯವನನ್ನೂ ಪ್ರೀತಿಸು: ಇವು ಯಾವತ್ತೂ ಹಳತಾಗುವುದಿಲ್ಲ. ಆದರೆ ಅವುಗಳ ಕೆಲಸ ಎಂಥದ್ದು ಎಂದು ಗೊತ್ತಿರಬೇಕು.

ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಮಂಗಳೂರಿನ ಜೆಪ್ಪಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ಆ ಕಡೆಯ ಎಷ್ಟೋ ಮನೆಗಳ ಅನ್ನ ಹೆಂಚಿನದ್ದೇ ಆಯಿತು. ನಮ್ಮ ಮನೆಯದ್ದೂ ಹಾಗೆಯೇ. ನನ್ನ ಅಪ್ಪ ಒಂದು ಕಾರ್ಖಾನೆಯಲ್ಲಿ ಬೆಂದ ಹೆಂಚು ಆರಿಸುವ ಕೆಲಸ ಮಾಡುತ್ತಿದ್ದರು. ಎಡಗೈಯಲ್ಲಿ ಹೆಂಚು ಹಿಡಿದು ಬಲಗೈ ಬೆರಳ ಗೆಣ್ಣಿನಿಂದ ಒಂದು ಸಲ ಬಡಿಯುವುದು. ಸರಿಯಾಗಿ ಬೆಂದದ್ದಾದರೆ ಗಂಟೆಯ ಹಾಗೆ ಠಣ್ ಅನ್ನುತ್ತದೆ. ಒಳಗೆ ಬಿರುಕು ಬಿಟ್ಟಿದ್ದರೆ ಬೊದ್ದು ಸದ್ದು. ಕಣ್ಣಿಗೆ ಎರಡೂ ಒಂದೇ ಥರ ಕೆಂಪು. ಅಪ್ಪನ ಗೆಣ್ಣು ಬಿರುಕನ್ನು ಮಾಡಲಿಲ್ಲ, ಇದ್ದದ್ದನ್ನು ಹೇಳಿತು. ಎಷ್ಟು ಸಲ ಬಡಿದರೂ ಆ ಬಿರುಕು ಕೂಡುವುದೂ ಇಲ್ಲ. ಆಜ್ಞೆಯಿಂದ ಪಾಪದ ಅರಿವಾಗುತ್ತದೆ ಎಂದು ಪೌಲ ರೋಮಾಪುರದವರಿಗೆ ಬರೆದದ್ದನ್ನು ನಾನು ಮೊದಲು ಕಲಿತದ್ದು ಆ ಕಾರ್ಖಾನೆಯ ಅಂಗಳದಲ್ಲಿ. ದೇವಶಾಸ್ತ್ರದ ತರಗತಿಗೆ ಹೋದದ್ದು ಆಮೇಲೆ.

ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲ ಇನ್ನೊಂದು ಮಾತು ಹೇಳುತ್ತಾನೆ. ಗ್ರೀಕರ ದೊಡ್ಡ ಮನೆಗಳಲ್ಲಿ ಹುಡುಗನ ಕೈಹಿಡಿದು ಶಾಲೆಗೆ ಕರೆದುಕೊಂಡು ಹೋಗುವ ಒಬ್ಬ ಆಳು ಇರುತ್ತಿದ್ದ. ದಾರಿಯಲ್ಲಿ ಬುದ್ಧಿ ಹೇಳುವುದು, ಗದರಿಸುವುದು ಅವನ ಕೆಲಸ. ಪಾಠ ಹೇಳುವ ಗುರು ಬೇರೆ. ಧರ್ಮಶಾಸ್ತ್ರ ಆ ಆಳಿನ ಹಾಗೆ, ನಮ್ಮನ್ನು ಕ್ರಿಸ್ತನ ಬಾಗಿಲ ತನಕ ತಂದು ಬಿಡುತ್ತದೆ ಎನ್ನುತ್ತಾನೆ. ನಿಮಗೆ ಮೊನ್ನೆ ಪಾಠ ಮಾಡಿದವರು ಆಳಿನ ಕೋಲು ಹಿಡಿದುಕೊಂಡು ದಾರಿಯಲ್ಲೇ ನಿಂತಿದ್ದಾರೆ. ಅವರ ಮೇಲೆ ಬೇಸರ ಬೇಡ. ನೀವು ಒಳಗೆ ಹೋಗಿ.

ಪ್ರಶ್ನೆ: ನನಗೆ ಸಿಟ್ಟು ಬೇಗ ಬರುತ್ತದೆ. ಮಗ ಒಂಬತ್ತನೇ ಕ್ಲಾಸು. ಲೆಕ್ಕದಲ್ಲಿ ಕಮ್ಮಿ ಮಾರ್ಕು ಬಂತು, ಅದರ ಮೇಲೆ ಸುಳ್ಳು ಹೇಳಿದ. ಊಟ ಮಾಡುತ್ತಿದ್ದವನು ಬಟ್ಟಲನ್ನು ಗೋಡೆಗೆ ಎಸೆದೆ. ಹೇಳಬಾರದ ಮಾತೂ ಹೇಳಿದೆ. ಇವತ್ತಿಗೆ ಹನ್ನೆರಡು ದಿನ, ಅವನು ನನ್ನ ಹತ್ತಿರ ಮಾತಾಡುತ್ತಿಲ್ಲ. ಆದರೆ ಸಿಟ್ಟೇ ಪಾಪವಾ? ಬೈಬಲಿನಲ್ಲಿ ದೇವರಿಗೂ ಕೋಪ ಬರುತ್ತದೆ. ಮೋಶೆ ಕಲ್ಲಿನ ಹಲಗೆಗಳನ್ನೇ ಎಸೆದು ಒಡೆದನಲ್ಲ?
— ಹೆಸರು ಬೇಡ, ಉಡುಪಿ

ಉತ್ತರ: ಅಣ್ಣಾ, ನಿಮ್ಮ ಪತ್ರದಲ್ಲಿ ಎರಡು ಭಾಗ ಇದೆ. ಮೊದಲರ್ಧದಲ್ಲಿ ಪಶ್ಚಾತ್ತಾಪ ಇದೆ, ಉಳಿದರ್ಧದಲ್ಲಿ ವಕೀಲಿಕೆ. ನಾನೂ ಹಾಗೆ ಮಾಡಿದವನೇ, ಅದಕ್ಕೇ ಬೇಗ ಗೊತ್ತಾಯಿತು.

ಸಿಟ್ಟು ಬಂದ ಕೂಡಲೇ ಅದು ಪಾಪ ಅಂತ ಬೈಬಲು ಹೇಳುವುದಿಲ್ಲ. ಕೋಪ ಬಂದರೂ ಪಾಪ ಮಾಡಬೇಡಿ, ಹೊತ್ತು ಮುಳುಗುವುದರೊಳಗೆ ಸಿಟ್ಟು ತೀರಲಿ ಎಂದು ಎಫೆಸದವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿದೆ. ಯೇಸುವಿಗೂ ಸಿಟ್ಟು ಬಂದಿದೆ. ಸಬ್ಬತ್ ದಿನ, ಅಂದರೆ ಯಾವ ಕೆಲಸವನ್ನೂ ಮಾಡಬಾರದ ವಿಶ್ರಾಂತಿಯ ದಿನ, ಕೈ ಬತ್ತಿಹೋದ ಒಬ್ಬ ಮನುಷ್ಯ ಸಭಾಮಂದಿರದಲ್ಲಿ ಕೂತಿದ್ದ. ಇವನನ್ನು ವಾಸಿ ಮಾಡಿದರೆ ತಪ್ಪು ಹೊರಿಸೋಣ ಎಂದು ಸುತ್ತ ಕೂತವರು ನೋಡುತ್ತಿದ್ದರು. ಯೇಸು ಅವರನ್ನು ಕೋಪದಿಂದ ನೋಡಿದ, ಅವರ ಮನಸ್ಸಿನ ಕಲ್ಲುತನಕ್ಕೆ ದುಃಖಪಟ್ಟ ಎಂದು ಮಾರ್ಕ 3ರಲ್ಲಿ ಬರೆದಿದೆ. ಕೋಪವೂ ದುಃಖವೂ ಒಂದೇ ಸಾಲಿನಲ್ಲಿ. ಆ ಕೋಪ ಮುಗಿದದ್ದು ಎಲ್ಲಿ? ಕೈ ಚಾಚು ಅನ್ನುವಲ್ಲಿ. ಒಂದು ಕೈ ವಾಸಿಯಾಯಿತು. ನಿಮ್ಮ ಕೋಪ ಮುಗಿದದ್ದು ಗೋಡೆಯ ಮೇಲಿನ ಸಾರಿನ ಕಲೆಯಲ್ಲಿ.

ದೇವರ ಕೋಪದ ವಿಷಯಕ್ಕೆ ಬರುತ್ತೇನೆ. ಕನ್ನಡದಲ್ಲಿ ಮೂಗಿನ ತುದಿಯಲ್ಲೇ ಸಿಟ್ಟು ಅನ್ನುತ್ತೇವೆ ಅಲ್ವಾ? ಹೀಬ್ರೂ ಭಾಷೆಯಲ್ಲೂ ಮೂಗಿಗೂ ಕೋಪಕ್ಕೂ ಒಂದೇ ಪದ. ಮೋಶೆ ಹಲಗೆ ಒಡೆದದ್ದನ್ನು ನೀವು ಹೇಳಿದಿರಿ, ಅದು ವಿಮೋಚನಕಾಂಡ 32. ಎರಡೇ ಅಧ್ಯಾಯ ಮುಂದೆ ಹೋಗಿ. ಜನ ಚಿನ್ನದ ಕರುವಿಗೆ ಅಡ್ಡಬಿದ್ದು ಆಗಿದೆ. ದೇವರು ಹೊಸ ಹಲಗೆ ಕೆತ್ತಿಕೊಂಡು ಬಾ ಎಂದು ಮೋಶೆಯನ್ನು ಕರೆಸಿ, ತಾನು ಯಾರೆಂದು ತಾನೇ ಹೇಳಿಕೊಳ್ಳುತ್ತಾನೆ: ಕನಿಕರವುಳ್ಳವನು, ದಯೆಯುಳ್ಳವನು, ದೀರ್ಘಶಾಂತನು. ಈ ದೀರ್ಘಶಾಂತ ಅನ್ನುವ ಕಡೆ ಮೂಲದಲ್ಲಿರುವುದು ಉದ್ದ ಮೂಗಿನವನು ಎಂಬ ನುಡಿಗಟ್ಟು. ಕೋಪ ತುದಿಗೆ ಬರುವುದಕ್ಕೆ ಬಹಳ ಹೊತ್ತು ಬೇಕು. ನಮ್ಮದು ಮೋಟು ಮೂಗು. ಅದನ್ನು ದೇವರ ಮುಖಕ್ಕೆ ಅಂಟಿಸಬೇಡಿ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂಬ ಗಾದೆ ನಮ್ಮ ಕೋಪಕ್ಕೇ ಹುಟ್ಟಿದ್ದು.

ಮೋಶೆಯ ಉದಾಹರಣೆಯನ್ನೂ ಪೂರ್ತಿ ಓದಬೇಕು. ಅವನು ಸಿಟ್ಟಿನಲ್ಲಿ ಹಲಗೆ ಒಡೆದ ಮೇಲೆ ಏನು ಮಾಡಿದ? ಮಾರನೇ ದಿನ ಬೆಟ್ಟ ಹತ್ತಿ, ಇವರ ಪಾಪ ಕ್ಷಮಿಸು, ಇಲ್ಲದಿದ್ದರೆ ನಿನ್ನ ಪುಸ್ತಕದಿಂದ ನನ್ನ ಹೆಸರೂ ಅಳಿಸು ಎಂದು ದೇವರಲ್ಲಿ ಬೇಡಿದ. ನೀವು ಮಗನಿಗಾಗಿ ಹಾಗೆ ಬೇಡಿದ್ದೀರಾ? ಇದನ್ನು ನಿಮ್ಮನ್ನು ಚುಚ್ಚಲು ಕೇಳುತ್ತಿಲ್ಲ. ಬೇಡಿದವನಿಗೆ ಮಾತ್ರ ಮುಂದಿನ ಹೆಜ್ಜೆ ಇಡುವ ಧೈರ್ಯ ಬರುತ್ತದೆ, ಅದಕ್ಕೆ ಕೇಳಿದೆ.

ಈಗ ನನ್ನ ಕಥೆ. ಅಪ್ಪ ತೀರಿಕೊಂಡ ಮೇಲೆ ಜೆಪ್ಪಿನ ಮನೆಯ ಹಿಂದಿನ ಎಂಟು ಸೆಂಟ್ಸು ಜಾಗದ ವಿಷಯಕ್ಕೆ ನನಗೂ ಅಣ್ಣನಿಗೂ ಮಾತು ಬೆಳೆಯಿತು. ನಾನು ವಕೀಲರಿಂದ ನೋಟಿಸು ಕಳಿಸಿದೆ. ಸ್ವಂತ ಅಣ್ಣನಿಗೆ, ರಿಜಿಸ್ಟರ್ ಪೋಸ್ಟಿನಲ್ಲಿ. ಆಮೇಲೆ ಏಳು ವರ್ಷ ಮಾತಿಲ್ಲ. ಆ ಏಳು ವರ್ಷವೂ ನಾನು ಪ್ರಸಂಗ ಮಾಡುತ್ತಿದ್ದೆ, ಮಕ್ಕಳಿಗೆ ದೀಕ್ಷಾಸ್ನಾನ ಕೊಡುತ್ತಿದ್ದೆ. ನನ್ನ ಕಡೆ ನ್ಯಾಯ ಇದೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಹೊರಗಿನಿಂದ ಒಳ್ಳೆಯ ಕೆಂಪು ಹೆಂಚು.

ಆಗ ನಾನು ಉಡುಪಿ ಕಡೆಯ ಒಂದು ಸಭೆಯಲ್ಲಿದ್ದೆ. ಜುಲೈ ತಿಂಗಳ ಒಂದು ಶನಿವಾರ. ಮಾರನೇ ದಿನ ಕರ್ತನ ಭೋಜನ, ಯೇಸುವಿನ ನೆನಪಿಗೆ ಸಭೆಯವರೆಲ್ಲ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಆರಾಧನೆ. ಪ್ರಸಂಗಕ್ಕೆ ಮತ್ತಾಯ 5 ಇಟ್ಟುಕೊಂಡಿದ್ದೆ. ಕೊಲ್ಲಬಾರದು ಎಂಬ ಆಜ್ಞೆಯನ್ನು ಯೇಸು ಅಲ್ಲಿ ಸಿಟ್ಟಿನ ತನಕ ಎಳೆಯುತ್ತಾನೆ. ತಮ್ಮನ ಮೇಲೆ ಸಿಟ್ಟಿಟ್ಟುಕೊಂಡವನೂ ನ್ಯಾಯತೀರ್ಪಿಗೆ ಗುರಿಯಾಗುತ್ತಾನೆ ಎನ್ನುತ್ತಾನೆ. ಆಮೇಲೆ ಕಾಣಿಕೆಯ ಮಾತು. ಯಜ್ಞವೇದಿಯ ಹತ್ತಿರ ಕಾಣಿಕೆ ತಂದಾಗ ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಡು, ಮೊದಲು ಹೋಗಿ ಅವನ ಸಂಗಡ ಒಂದಾಗು. ತಪ್ಪು ಯಾರದ್ದು ಎಂದು ಯೇಸು ಅಲ್ಲಿ ಕೇಳುವುದೇ ಇಲ್ಲ. ನೂರು ಸಲ ಓದಿದ ವಾಕ್ಯ ಅದು. ಆ ದಿನ ಅದು ನನ್ನನ್ನು ಗೆಣ್ಣಿನಿಂದ ಬಡಿಯಿತು. ಬೊದ್ದು ಸದ್ದು ನನಗೇ ಕೇಳಿಸಿತು.

ಪ್ರಸಂಗದ ಹಾಳೆ ಮೇಜಿನ ಮೇಲೆ ಬಿಟ್ಟು ಮಂಗಳೂರಿನ ಎಕ್ಸ್‌ಪ್ರೆಸ್ ಬಸ್ಸು ಹತ್ತಿದೆ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿದು ಸಿಟಿ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಏನು ಮಾತಾಡಬೇಕೆಂದು ಜೋಡಿಸುತ್ತಾ ಬಂದೆ. ಜೋಡಿಸಿದ್ದರಲ್ಲಿ ಅರ್ಧ ಕ್ಷಮೆ, ಅರ್ಧ ವಾದ. ಅದಕ್ಕೇ ನಿಮ್ಮ ಪತ್ರ ನನಗೆ ಪರಿಚಯದ್ದು ಅನ್ನಿಸಿದ್ದು.

ಮನೆ ಮುಟ್ಟುವಾಗ ಮಳೆ ಸುರಿಯುತ್ತಿತ್ತು. ಅಣ್ಣ ಅಂಗಳದಲ್ಲಿ ಏಣಿ ಇಟ್ಟು ಮಾಡಿಗೆ ಹತ್ತಿದ್ದ. ಒಳಗೆ ಸೋರುತ್ತಿತ್ತೇನೋ, ರೀಪಿನ ಮೇಲಿನ ಹೆಂಚು ಸರಿಸುತ್ತಿದ್ದ. ಲುಂಗಿ ಮೇಲೆ ಕಟ್ಟಿದ್ದ, ಬೆನ್ನೆಲ್ಲ ಒದ್ದೆ. ಅರವತ್ತು ದಾಟಿದ್ದ. ನನ್ನನ್ನು ಮೇಲಿನಿಂದ ನೋಡಿದ. ನಾನು ಬಾಯಿ ತೆರೆಯುವುದರೊಳಗೆ ತುಳುವಿನಲ್ಲಿ, ಏಣಿ ಹಿಡಿ, ಜಾರ್ತದೆ ಅಂದ. ಕೊಡೆ ಬಿಸಾಡಿ ಎರಡೂ ಕೈಯಲ್ಲಿ ಏಣಿ ಹಿಡಿದೆ. ಒಂದೊಂದೇ ಹೆಂಚು ತೆಗೆದು, ಬಡಿದು ನೋಡಿ, ಒಡೆದದ್ದನ್ನು ನನ್ನ ಕೈಗೆ ಕೊಟ್ಟ. ನಾನು ಕೆಳಗಿನಿಂದ ಒಳ್ಳೆಯದ್ದನ್ನು ಎತ್ತಿ ಕೊಟ್ಟೆ. ಅರ್ಧ ಗಂಟೆ ಆಗಿರಬಹುದು. ಅವನು ಇಳಿದ ಮೇಲೆ, ನೋಟಿಸು ಕಳಿಸಿದ್ದು ತಪ್ಪಾಯ್ತು ಅಣ್ಣ ಅಂದೆ. ಜೋಡಿಸಿಕೊಂಡು ಬಂದದ್ದರಲ್ಲಿ ಹೊರಬಂದದ್ದು ಅಷ್ಟೇ. ಅವನು ಏನೂ ಹೇಳಲಿಲ್ಲ. ಅತ್ತಿಗೆ ತಲೆ ಒರೆಸಿಕೊಳ್ಳಲು ಒಂದೇ ಬೈರಾಸು ತಂದರು. ಮೊದಲು ಅವನು ಒರೆಸಿಕೊಂಡ, ಆಮೇಲೆ ನನ್ನ ಕೈಗೆ ಕೊಟ್ಟ.

ಜಾಗದ ಲೆಕ್ಕ ಬಗೆಹರಿಯಲು ಆಮೇಲೂ ಮೂರು ವರ್ಷ ಹಿಡಿಯಿತು. ಅದು ಬೇರೆ ವಿಷಯ. ಆದರೆ ಆ ಮೂರು ವರ್ಷ ನಾವು ಒಂದೇ ಮೇಜಿನಲ್ಲಿ ಊಟ ಮಾಡುತ್ತಾ ಲೆಕ್ಕ ಮಾಡಿದೆವು.

ನಿಮಗೆ ಈಗಾಗಲೇ ಹನ್ನೆರಡು ಸಲ ಹೊತ್ತು ಮುಳುಗಿದೆ. ಇವತ್ತು ಮಗ ಶಾಲೆಯಿಂದ ಬಂದ ಮೇಲೆ ಅವನ ಹತ್ತಿರ ಕೂತು, ಬಟ್ಟಲು ಎಸೆದದ್ದು ತಪ್ಪು, ಆ ಮಾತು ಹೇಳಿದ್ದು ತಪ್ಪು ಎಂದು ಹೇಳಿ. ಅಲ್ಲಿಗೆ ನಿಲ್ಲಿಸಿ. "ಆದರೆ ನೀನು ಸುಳ್ಳು ಹೇಳಿದ್ದಕ್ಕೆ" ಅಂತ ಸೇರಿಸಬೇಡಿ. ಅವನ ಸುಳ್ಳಿನ ಬಗ್ಗೆ ಮಾತಾಡಬೇಕು, ಖಂಡಿತ ಬೇಕು, ಅದು ಇನ್ನೊಂದು ದಿನ. ಅಪ್ಪ ತಪ್ಪು ಒಪ್ಪಿಕೊಂಡರೆ ಮಕ್ಕಳು ಹೆದರಿಕೆ ಬಿಡುತ್ತಾರೆ ಎಂಬ ಭಯ ನಿಮಗಿದ್ದರೆ, ಅವನು ಸುಳ್ಳು ಹೇಳಿದ್ದು ಆ ಹೆದರಿಕೆಯಿಂದಲೇ ಅಲ್ವಾ? ತಂದೆಗಳೇ, ನಿಮ್ಮ ಮಕ್ಕಳಿಗೆ ಸಿಟ್ಟೆಬ್ಬಿಸಬೇಡಿ ಎಂಬ ಮಾತೂ ಅದೇ ಎಫೆಸದ ಪತ್ರದಲ್ಲಿದೆ, 6ನೇ ಅಧ್ಯಾಯ. ಹೆಂಡತಿಯ ಹತ್ತಿರವೂ ಕೇಳಿಕೊಳ್ಳಿ. ಗೋಡೆ ಒರೆಸಿದ್ದು ಅವರೇ ಇರಬೇಕು.

ಸಿಟ್ಟು ಮತ್ತೆ ಮತ್ತೆ ಕೈ ಮೀರುತ್ತಿದ್ದರೆ ಆಸ್ಪತ್ರೆಯಲ್ಲಿ ಆಪ್ತಸಲಹೆಗಾರರನ್ನು ಕಾಣಿ. ಅದರಲ್ಲಿ ನಂಬಿಕೆಗೆ ಕೊರತೆ ಏನೂ ಇಲ್ಲ.

ಪ್ರಶ್ನೆ: ನನ್ನ ಕೆಥೋಲಿಕ್ ಗೆಳತಿ ಕೊಲ್ಲಬಾರದು ಎಂಬುದು ಐದನೇ ಆಜ್ಞೆ ಎನ್ನುತ್ತಾಳೆ. ನಾನು ಕಲಿತದ್ದು ಆರನೆಯದು ಎಂದು. ಯಾರು ಸರಿ?
— ಕಾಲೇಜು ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಇಬ್ಬರೂ ಸರಿ ಮಗಳೇ. ಬೈಬಲಿನಲ್ಲಿ ಹತ್ತು ಮಾತುಗಳು ಎಂದಿದೆ, ನಂಬರು ಹಾಕಿಲ್ಲ. ಕೆಥೋಲಿಕರೂ ಲೂಥರನ್ನರೂ ಅನ್ಯದೇವರು ಬೇಡ, ವಿಗ್ರಹ ಬೇಡ ಎಂಬ ಎರಡನ್ನು ಒಂದಾಗಿ ಎಣಿಸಿ, ಕೊನೆಯ ಆಶೆಪಡಬೇಡ ಎಂಬುದನ್ನು ಎರಡು ಮಾಡುತ್ತಾರೆ. ಕಾಲ್ವಿನ್ ಪರಂಪರೆಯವರು, ಆಂಗ್ಲಿಕನ್ನರು, ಆರ್ಥಡಾಕ್ಸರು ವಿಗ್ರಹದ ಮಾತನ್ನು ಎರಡನೆಯದಾಗಿ ಬೇರೆ ಎಣಿಸುತ್ತಾರೆ. ಅದಕ್ಕೇ ನಡುವೆ ಒಂದು ನಂಬರು ಮುಂದೆ ಹೋಗುತ್ತದೆ. ಕೊನೆಗೆ ಇಬ್ಬರದ್ದೂ ಹತ್ತೇ. ವಿಮೋಚನಕಾಂಡ 20, ಧರ್ಮೋಪದೇಶಕಾಂಡ 5 ಎರಡನ್ನೂ ಇಬ್ಬರು ಒಟ್ಟಿಗೆ ಓದಿ.

ಪ್ರಶ್ನೆ: ನಮ್ಮದು ಮನೆಯವರು ಒಪ್ಪದೆ ಆದ ಮದುವೆ. ಇಪ್ಪತ್ತು ವರ್ಷ ಆಯ್ತು. ಈ ಮಾರ್ಚಿನಲ್ಲಿ ನನ್ನ ಗಂಡನಿಗೆ ಪಾರ್ಶ್ವವಾಯು ಆಗಿ ಬಲಗೈ, ಬಲಗಾಲು ಬಿದ್ದುಹೋಗಿದೆ. ತಂದೆತಾಯಿಗಳನ್ನು ಸನ್ಮಾನಿಸು ಎಂಬ ಆಜ್ಞೆ ಮುರಿದದ್ದಕ್ಕೆ ದೇವರ ಕೋಪ ಎಂದು ಅತ್ತೆ ಹೇಳುತ್ತಾರೆ. ಅವರೇ ದಿನಾ ಮಗನಿಗೆ ಗಂಜಿ ಕುಡಿಸುತ್ತಾರೆ, ಕುಡಿಸುತ್ತಾ ಇದನ್ನೇ ಹೇಳುತ್ತಾರೆ. ಅಯ್ಯನವರೇ, ನಿಜವಾ?
— ಉಳ್ಳಾಲದಿಂದ ಒಬ್ಬ ಓದುಗಿ

ಉತ್ತರ: ಅಮ್ಮಾ, ಇದನ್ನು ಓದಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಯೆರೂಸಲೇಮಿನ ಸಿಲೋವಾದಲ್ಲಿ ಒಂದು ಬುರುಜು ಬಿದ್ದು ಹದಿನೆಂಟು ಜನ ಸತ್ತರು. ಊರಿನವರು ನಿಮ್ಮ ಅತ್ತೆಯ ಹಾಗೆಯೇ ಮಾತಾಡಿರಬೇಕು. ಸತ್ತವರು ಊರಿನ ಮಿಕ್ಕವರಿಗಿಂತ ದೊಡ್ಡ ಪಾಪಿಗಳಾಗಿದ್ದರು ಅಂತ ನೆನಸುತ್ತೀರಾ ಎಂದು ಯೇಸು ಅವರನ್ನೇ ಕೇಳಿದ. ಇಲ್ಲ ಎಂದು ಉತ್ತರವನ್ನೂ ತಾನೇ ಕೊಟ್ಟ. ಲೂಕ 13ರಲ್ಲಿದೆ. ಹುಟ್ಟು ಕುರುಡನೊಬ್ಬನನ್ನು ತೋರಿಸಿ, ಯಾರ ಪಾಪದಿಂದ ಹೀಗಾಯಿತು, ಇವನದ್ದಾ, ತಂದೆತಾಯಿಯದ್ದಾ ಎಂದು ಶಿಷ್ಯರು ಕೇಳಿದಾಗಲೂ, ಯಾರದ್ದೂ ಅಲ್ಲ ಅಂದ. ಅಂದು ಸುಮ್ನೆ ಹೋಗಲಿಲ್ಲ, ಮಣ್ಣು ಕಲಸಿ ಅವನ ಕಣ್ಣಿಗೆ ಹಚ್ಚಿದ. ಅಪ್ಪನ ಪಾಪವನ್ನು ಮಗ ಹೊರಬೇಕಿಲ್ಲ ಎಂದು ಯೆಹೆಜ್ಕೇಲ 18ರಲ್ಲಿ ಒಂದು ಇಡೀ ಅಧ್ಯಾಯವೇ ಇದೆ.

ದೇವರಿಗೆ ಕೋಪವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಬಡವನ ಕೂಲಿ ಹಿಡಿದಿಟ್ಟಾಗ, ವಿಧವೆಯ ಮನೆ ನುಂಗಿದಾಗ ದೇವರು ಸುಮ್ಮನಿದ್ದರೆ ಅವನು ಎಂಥ ದೇವರು? ಆದರೆ ರೋಮಾಪುರದವರಿಗೆ ಬರೆದ ಪತ್ರದ 1ನೇ ಅಧ್ಯಾಯದಲ್ಲಿ ಆ ಕೋಪ ಹೇಗಿರುತ್ತದೆ ಎಂದು ಪೌಲ ಬರೆದಿದ್ದಾನೆ. ದೇವರು ಅವರನ್ನು ಅವರ ಆಶೆಗೇ ಬಿಟ್ಟುಬಿಟ್ಟ ಎನ್ನುತ್ತಾನೆ. ಇಪ್ಪತ್ತು ವರ್ಷ ಲೆಕ್ಕ ಇಟ್ಟು, ಕಾದು, ಒಬ್ಬ ಮನುಷ್ಯನ ರಕ್ತನಾಳ ಹಿಡಿದು ತಿರುಚುವ ದೇವರು ನನ್ನ ಬೈಬಲಿನಲ್ಲಿಲ್ಲ. ಹೋಶೇಯನ 11ನೇ ಅಧ್ಯಾಯದಲ್ಲಿ ದೇವರು ತನ್ನ ಜನರ ಬಗ್ಗೆ, ನಿನ್ನನ್ನು ಹೇಗೆ ಕೈಬಿಡಲಿ ಎಂದು ಕೇಳುತ್ತಾನೆ. ನನ್ನ ಉರಿಕೋಪ ತೀರಿಸುವುದಿಲ್ಲ, ನಾನು ಮನುಷ್ಯನಲ್ಲ, ದೇವರು ಎನ್ನುತ್ತಾನೆ. ನಮ್ಮ ಪಾಪದ ಭಾರವನ್ನು ಯೇಸು ಶಿಲುಬೆಯಲ್ಲಿ ಹೊತ್ತಾಗಿದೆ ಎಂದು ನಂಬುವವರು ನಾವು. ಹಾಗೆ ನಂಬಿದ ಮೇಲೆ ಅದೇ ಬಾಕಿಯನ್ನು ಮತ್ತೆ ನಿಮ್ಮ ಗಂಡನ ಬಲಗೈಯಿಂದ ವಸೂಲಿ ಮಾಡುತ್ತಾನೆ ಎಂದು ಹೇಗೆ ಹೇಳಲಿ?

ಮದುವೆಯ ಕಾಲದಲ್ಲಿ ನೀವಿಬ್ಬರೂ ಮನೆಯವರ ಮನಸ್ಸು ನೋಯಿಸಿದ್ದೂ ಇರಬಹುದು, ಅವರು ನಿಮ್ಮ ಮನಸ್ಸು ನೋಯಿಸಿದ್ದೂ ಇರಬಹುದು. ಅದರ ಮಾತು ಬಾಕಿ ಇದ್ದರೆ ಆಡಿ ಮುಗಿಸಿ, ಒಳ್ಳೆಯದೇ. ಆದರೆ ಅದನ್ನು ಈ ಕಾಯಿಲೆಗೆ ಗಂಟು ಹಾಕಬೇಡಿ. ಕಾಯಿಲೆಗೆ ಬಿ.ಪಿ. ಮಾತ್ರೆ ಉಂಟು, ಫಿಸಿಯೋಥೆರಪಿ ಉಂಟು. ಯಾರು ಎಷ್ಟು ಗಟ್ಟಿಯಾಗಿ ಪ್ರಾರ್ಥಿಸಿದರೂ ಡಾಕ್ಟರು ಹೇಳದೆ ಮಾತ್ರೆ ನಿಲ್ಲಿಸಬೇಡಿ. ಮೊದಲ ಕೆಲವು ತಿಂಗಳ ವ್ಯಾಯಾಮ ಬಹಳ ಮುಖ್ಯ.

ಅತ್ತೆಯ ಬಗ್ಗೆ ಒಂದು ಮಾತು. ದಿನಾ ಗಂಜಿ ಕುಡಿಸುತ್ತಾರೆ ಅಂತ ಬರೆದಿರಿ. ಎದುರಿಗೆ ಮಗ ಬಿದ್ದಿದ್ದಾನೆ. ಯಾಕೆ ಎಂಬ ಪ್ರಶ್ನೆ ಅವರನ್ನೂ ತಿನ್ನುತ್ತಿದೆ. ಕೈಗೆ ಸಿಕ್ಕಿದ ಉತ್ತರ ಅದೊಂದೇ. ಅವರ ಒಳಗೆ, ನಾನು ಇಪ್ಪತ್ತು ವರ್ಷ ಸಿಟ್ಟಿಟ್ಟುಕೊಂಡದ್ದರಿಂದ ಹೀಗಾಯಿತಾ ಎಂಬ ಹೆದರಿಕೆಯೂ ಇರಬಹುದು. ಈ ಪುಟವನ್ನು ಅವರಿಗೂ ಓದಿ ಹೇಳಿ. ಅವರಿಗೂ ಉತ್ತರ ಇದೇ: ಇಲ್ಲಮ್ಮಾ, ನಿಮ್ಮಿಂದಲೂ ಅಲ್ಲ.

ದೇವಾಲಯಕ್ಕೆ ಹೋಗಲು ಆಗದವರ ಮನೆಗೆ ಸಭಾಪಾಲಕರು ಕರ್ತನ ಭೋಜನ ತರುತ್ತಾರೆ. ನಿಮ್ಮ ಸಭೆಯಲ್ಲಿ ಕೇಳಿ, ಸಂಕೋಚ ಬೇಡ. ಅವರು ಬರುವ ದಿನ ನಿಮ್ಮ ಗಂಡನನ್ನು ದಿಂಬಿಗೆ ಒರಗಿಸಿ ಕೂರಿಸಿ. ಬಲಗೈ ಎತ್ತಲಾಗದಿದ್ದರೆ ಎಡಗೈಯಲ್ಲಿ ತೆಗೆದುಕೊಳ್ಳಲಿ, ಏನೂ ತೊಂದರೆಯಿಲ್ಲ. ನುಂಗಲು ಕಷ್ಟವಾದರೆ ರೊಟ್ಟಿಯನ್ನು ದ್ರಾಕ್ಷಾರಸದಲ್ಲಿ ಅದ್ದಿ ಕೊಡಲು ಹೇಳಿ, ಗಂಜಿ ಕುಡಿಸಿ ಅಭ್ಯಾಸ ಇರುವ ಅತ್ತೆಯೇ ಬಾಯಿಗೆ ಇಡಲಿ.